ಪದ್ಮಿನಿಯ ಸ್ಟೇರಿಂಗ್‌ನಲ್ಲಿ ಮೂರು ಬೆರಳು ಆಟ: ಎಲ್ಲಿಂದ ಶುರು ಮಾಡಲಿ?

ಕೋಥ್ರೂಡ್ ಪದ್ಮಿನಿ

ಎಲ್ಲರಿಗೂ ನಮಸ್ಕಾರ. ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಅಪ್ಪ ಬ್ಯಾಂಕಿನಲ್ಲಿದ್ದರು. ಧಾರವಾಡದಿಂದ ಪುಣೆಗೆ ವರ್ಗವಾದ ಮೇಲೆ ತಗೊಂಡ ಗಾಡಿ ಇದು. ಈಗ ಅಪ್ಪ ಇಲ್ಲ, ಗಾಡಿ ನನ್ನ ಪಾಲಿಗೆ ಬಂದಿದೆ. ವರ್ಷಕ್ಕೆ ಒಂದು ಸಲವಾದರೂ ಇದರಲ್ಲೇ ಊರಿಗೆ ಹೋಗಿ ಬರಬೇಕು ಅಂತ ಅಮ್ಮನ ಆಸೆ. ನನಗೂ ಅದೇ ಆಸೆ.

ತೊಂದರೆ ಏನೆಂದರೆ, ಸ್ಟೇರಿಂಗನ್ನು ಮೂರು ಬೆರಳಿನ ಅಗಲದಷ್ಟು ತಿರುಗಿಸಿದರೂ ಮುಂದಿನ ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. 50 ದಾಟಿದರೆ ಕೈ ನಡುಗುತ್ತದೆ. ಇಲ್ಲಿನ ಒಂದು ಗ್ಯಾರೇಜಿಗೆ ಕೊಟ್ಟೆ. ಚಕ್ರಕ್ಕೆ ಹೋಗುವ ರಾಡುಗಳ ಹೊರ ತುದಿಯ ಎರಡು ಕೀಲು (ಟೈ ರಾಡ್ ಎಂಡ್) ಬದಲಾಯಿಸಿದರು. ಆಟ ಹಾಗೇ ಉಳಿಯಿತು. ಮತ್ತೆ ಒಯ್ದೆ. ಈ ಸಲ ಸ್ಟೇರಿಂಗಿನ ಗೇರುಗಳಿರುವ ಪೆಟ್ಟಿಗೆ, ಅಂದರೆ ಸ್ಟೇರಿಂಗ್ ಬಾಕ್ಸಿನ ಮೇಲಿರುವ ಸ್ಕ್ರೂ ಬಿಗಿ ಮಾಡಿ ಕಳಿಸಿದರು. ಆಟ ಒಂದು ಬೆರಳಿಗೆ ಇಳಿಯಿತು. ನನಗೆ ಖುಷಿಯೋ ಖುಷಿ.

ಮುಂದಿನ ಭಾನುವಾರ ಸಾತಾರಾ ಕಡೆ ಹೊರಟೆ. ಖಂಬಾಟ್ಕಿ ಘಾಟಿನ ಏರಿನಲ್ಲಿ ಒಂದು ಬಲ ತಿರುವು. ತಿರುಗಿಸಿದೆ, ಗಾಡಿ ತಿರುಗಿತು. ಸ್ಟೇರಿಂಗ್ ಸಡಿಲ ಬಿಟ್ಟರೆ ಅದಾಗಿ ನೇರಕ್ಕೆ ಬರಬೇಕಲ್ವಾ? ಬರಲಿಲ್ಲ. ಹಿಡಿದು ಎಳೆದು ನೇರ ಮಾಡಬೇಕಾಯಿತು. ಪಕ್ಕದಲ್ಲಿ ಲಾರಿ ಇತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಅಂದಿನಿಂದ ಗಾಡಿ ಹೊರಗೆ ತೆಗೆದಿಲ್ಲ.

ಬಾಕ್ಸನ್ನೇ ಬದಲಾಯಿಸಬೇಕಾ? ಎಲ್ಲಿಂದ ಶುರು ಮಾಡಲಿ?

ಕುರ್ಲಾ ಕಾಳಿಪೀಲಿ

ಮೊದಲು ಆ ಸ್ಕ್ರೂ ವಾಪಸ್ ಸಡಿಲ ಮಾಡಿ. ಇದು ಇವತ್ತೇ ಆಗಲಿ. ಆಟ ಇರುವ ಸ್ಟೇರಿಂಗ್‌ನಲ್ಲಿ ನಿಧಾನವಾಗಿ ಮನೆ ಮುಟ್ಟಬಹುದು. ಹಿಡಿದುಕೊಳ್ಳುವ ಸ್ಟೇರಿಂಗ್ ತಿರುವಿನಲ್ಲಿ ಕೈ ಕೊಡುತ್ತದೆ.

ಮಾವನ ಟ್ಯಾಕ್ಸಿ 22 ವರ್ಷ ನೋಡಿಕೊಂಡವನು ನಾನು. ಬಾಕ್ಸಿನೊಳಗೆ ಏನಾಗುತ್ತದೆ ಅಂದರೆ, ನಾವು ಗಾಡಿ ಓಡಿಸುವುದು ಬಹುಪಾಲು ನೇರಕ್ಕೆ. ಹಾಗಾಗಿ ವರ್ಮ್ (ಸ್ಕ್ರೂ ಆಕಾರದ ಗೇರು) ಸವೆಯುವುದು ನಟ್ಟನಡುವೆ. ಎರಡು ತುದಿ ಹೊಸದರ ಹಾಗೇ ಉಳಿದಿರುತ್ತವೆ. ನಡುವಿನ ಆಟ ಹೋಗುವ ತನಕ ಸ್ಕ್ರೂ ಬಿಗಿದರೆ, ಸವೆಯದ ಜಾಗಕ್ಕೆ ಬಂದಾಗ ಹಲ್ಲು ಹಲ್ಲಿಗೆ ಒತ್ತಿ ಹಿಡಿಯುತ್ತದೆ. ನಿಮಗೆ ಘಾಟಿನಲ್ಲಿ ಆಗಿದ್ದು ಅದೇ.

ಡೊಂಬಿವಲಿ ಲೇತ್

ಕುರ್ಲಾದವರು ಹೇಳಿದ್ದು ಸರಿ. ಆದರೆ ಗಾಡಿ ನೇರಕ್ಕೆ ಬರದಿರಲು ಇನ್ನೊಂದು ಕಾರಣವೂ ಇರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ನಾನು 31 ವರ್ಷ ಟರ್ನರ್ ಕೆಲಸ ಮಾಡಿದವನು, ಊರು ಗದಗ. ಮನೆಯಲ್ಲಿ 1972ರ ಫಿಯಟ್ ಇದೆ.

ಸ್ಪೇರ್ ತರಲು ಈಗಲೇ ಓಡಬೇಡಿ. ನಿಮ್ಮ ಗ್ಯಾರೇಜಿನವರು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮೊದಲು ಆಟ ಎಲ್ಲಿದೆ ಅಂತ ಹುಡುಕಿ.

ಈ ಗಾಡಿಯಲ್ಲಿ ಸ್ಟೇರಿಂಗ್‌ನಿಂದ ಚಕ್ರದ ತನಕ ಒಂದು ಸಾಲು ಇದೆ. ಡ್ರೈವರ್ ಕಡೆ ಬಾಕ್ಸು. ಅದರಿಂದ ಕೆಳಗಿಳಿಯುವ ಡ್ರಾಪ್ ಆರ್ಮ್. ಎದುರು ಬದಿಯಲ್ಲಿ ಅದಕ್ಕೆ ಜೋಡಿಯಾಗಿ ಐಡ್ಲರ್ ಆರ್ಮ್. ನಡುವೆ ಒಂದು ಉದ್ದ ರಾಡು, ಆಚೆ ಈಚೆ ಚಕ್ರಕ್ಕೆ ಹೋಗುವ ಎರಡು ಚಿಕ್ಕ ರಾಡು. ಒಟ್ಟು ಆರು ಬಾಲ್ ಜಾಯಿಂಟು. ಕೊನೆಗೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ನಿಂತ ಗೂಟ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟೇ ಸವಕಳಿ ಇರಬಹುದು. ಹನಿಗೂಡಿದರೆ ಹಳ್ಳ. ಅದೇ ನಿಮ್ಮ ಮೂರು ಬೆರಳು.

ಪರೀಕ್ಷೆಗೆ ಇಬ್ಬರು ಬೇಕು. ಗಾಡಿ ನೆಲದ ಮೇಲೇ ನಿಂತಿರಲಿ, ಎಂಜಿನ್ ಬಂದ್. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಆಟದಷ್ಟೇ ಆಡಿಸಲಿ, ಜಾಸ್ತಿ ಬೇಡ. ನೀವು ಕೆಳಗೆ ಮಲಗಿ ಬಾಕ್ಸಿನಿಂದ ಶುರು ಮಾಡಿ. ಪ್ರತಿ ಕೀಲನ್ನು ಅಂಗೈಯಲ್ಲಿ ಪೂರ್ತಿ ಹಿಡಿಯಿರಿ, ಎರಡು ತುಂಡೂ ಕೈಯೊಳಗಿರಬೇಕು. ಒಂದು ತುಂಡು ಮೊದಲು ಸರಿದು ಇನ್ನೊಂದು ತಡವಾಗಿ ಹಿಂಬಾಲಿಸಿದರೆ ಕೈಗೆ ಟಕ್ ಅಂತ ಬಡಿಯುತ್ತದೆ. ಕಣ್ಣಿಗೆ ಕಾಣದ್ದು ಅಂಗೈಗೆ ಗೊತ್ತಾಗುತ್ತದೆ. ಐಡ್ಲರ್ ಹತ್ತಿರ ಬಂದಾಗ ಅದು ಮೇಲೆ ಕೆಳಗೆ ಕುಣಿಯುತ್ತದಾ ನೋಡಿ. ಟ್ಯಾಕ್ಸಿಗಳಲ್ಲಿ ನಾನು ಕಂಡ ಹಾಗೆ ಎಲ್ಲರೂ ಮರೆಯುವ ಜಾಗ ಅದು.

ಆಮೇಲೆ ಮುಂಭಾಗ ಎತ್ತಿ ಘೋಡಿ (ಕಬ್ಬಿಣದ ಸ್ಟ್ಯಾಂಡ್) ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಕಂಡರೆ ಒಳಗಿದ್ದವರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಆಟ ಹೋದರೆ ಅದು ವೀಲ್ ಬೇರಿಂಗ್. ಹೋಗದಿದ್ದರೆ ಕಿಂಗ್ ಪಿನ್.

ಬರೆದಿಟ್ಟುಕೊಂಡು ಇಲ್ಲಿ ಹಾಕಿ.

ಮಾಪ್ಸಾ ಮಳೆ

ಗೋವಾದಿಂದ ಒಂದು ಮಾತು. ಬಾಕ್ಸನ್ನು ಬಾಡಿಗೆ ಹಿಡಿದಿರುವ ಮೂರು ಬೋಲ್ಟ್‌ಗಳ ಮೇಲೂ ಬೆರಳಿಟ್ಟು ನೋಡಿ. ನಮ್ಮ ಗಾಡಿಯಲ್ಲಿ ಎಲ್ಲ ಹೊಸದು ಹಾಕಿದರೂ ಆಟ ಹೋಗಿರಲಿಲ್ಲ. ಸ್ಟೇರಿಂಗ್ ತಿರುಗಿಸಿದಾಗ ಬಾಕ್ಸೇ ಸ್ವಲ್ಪ ವಾಲುತ್ತಿತ್ತು. ಇಲ್ಲಿನ ಮಳೆ, ಉಪ್ಪುಗಾಳಿ ಎರಡೂ ಸೇರಿ ಬೋಲ್ಟಿನ ಹಿಂದಿನ ತಗಡು ತಿಂದು ಹಾಕಿದ್ದವು. ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಒಳಗೇ ಹೋಯಿತು. ತುಕ್ಕು ಹಿಡಿದಷ್ಟನ್ನು ಕತ್ತರಿಸಿ, ದಪ್ಪ ತಗಡು ಕೂರಿಸಿ ಬಾಡಿ ಕೆಲಸ ಮಾಡಿಸಬೇಕಾಯಿತು. ಪದ್ಮಿನಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಎಲ್ಲ.

ಕೋಥ್ರೂಡ್ ಪದ್ಮಿನಿ

ನಿನ್ನೆ ಸಂಜೆ ಮಗಳು ಸ್ಟೇರಿಂಗ್ ಹಿಡಿದು ಕೂತಳು, ನಾನು ಕೆಳಗೆ ಮಲಗಿದೆ. ಎರಡು ತಾಸು ಹಿಡಿಯಿತು.

ಸ್ಕ್ರೂ ಮೊದಲೇ ಸಡಿಲ ಮಾಡಿದ್ದೆ. ಬಾಕ್ಸ್ ವಾಲುತ್ತಿಲ್ಲ, ಆದರೆ ಮೂರರಲ್ಲಿ ಒಂದು ಬೋಲ್ಟ್ ಪಾನಾಗೆ ಅರ್ಧ ಸುತ್ತು ತಿರುಗಿತು! ಡ್ರಾಪ್ ಆರ್ಮ್ ಗಟ್ಟಿ ಇದೆ. ಗ್ಯಾರೇಜಿನವರು ಹಾಕಿದ ಹೊರಗಿನ ಎಂಡ್‌ಗಳು ಚೆನ್ನಾಗಿವೆ. ನಡುವಿನ ರಾಡಿನ ಎಡ ಕೀಲು ಟಕ್ ಅನ್ನುತ್ತದೆ. ಐಡ್ಲರ್ ಆರ್ಮ್ ಹಿಡಿದಾಗ ಮಾತ್ರ ನನಗೆ ಗಾಬರಿಯಾಯಿತು. ಅದು ಮೊದಲು ಮೇಲಕ್ಕೆ ಎದ್ದು ಆಮೇಲೆ ಪಕ್ಕಕ್ಕೆ ಹೋಗುತ್ತದೆ. ಕಿರುಬೆರಳ ದಪ್ಪದಷ್ಟು. ಬುಷ್ (ತೂತಿನೊಳಗೆ ಕೂರುವ ಕೊಳವೆ) ಅನ್ನುವುದು ಒಳಗೆ ಉಳಿದಿರುವ ಹಾಗೆ ಕಾಣುವುದಿಲ್ಲ.

ಚಕ್ರ ಅಲುಗಿಸಿದೆ. ಬಲಗಡೆ ಬ್ರೇಕ್ ಒತ್ತಿದರೆ ಆಟ ಹೋಯಿತು. ಎಡಗಡೆ ಹೋಗಲಿಲ್ಲ.

ಡೊಂಬಿವಲಿ ಲೇತ್

ಬಹಳ ಚೆನ್ನಾಗಿ ನೋಡಿದ್ದೀರಿ. ಬಾಕ್ಸ್ ಮುಟ್ಟುವ ಅಗತ್ಯವೇ ಇಲ್ಲದಿರಬಹುದು. ಎಣ್ಣೆ ಮಟ್ಟ ನೋಡಿ, 90 ನಂಬರ್ ಗೇರ್ ಆಯಿಲ್ ಹಾಕಿ. ಅದಕ್ಕೆ ಗ್ರೀಸ್ ತುಂಬಿ ಕೊಡುವವರಿದ್ದಾರೆ, ಬೇಡ ಅನ್ನಿ. ಗ್ರೀಸ್ ಒಂದು ಸಲ ಪಕ್ಕಕ್ಕೆ ಸರಿದರೆ ಹಲ್ಲಿನ ನಡುವೆ ವಾಪಸ್ ಬರುವುದಿಲ್ಲ.

ಐಡ್ಲರ್ ಬುಷ್ ಬದಲಾಯಿಸಿ. ನಡುವಿನ ರಾಡಿನ ಎರಡೂ ಕೀಲು ಒಟ್ಟಿಗೆ ಬದಲಾಯಿಸಿ. ಕಿಂಗ್ ಪಿನ್ ಎಡಗಡೆ ಹೋಗಿದೆ ಅಂದರೆ ಬಲಗಡೆಯದೂ ಹತ್ತಿರ ಬಂದಿರುತ್ತದೆ, ಎರಡೂ ಮಾಡಿ. ಬಲಗಡೆ ವೀಲ್ ಬೇರಿಂಗ್ ತೊಳೆದು ನೋಡಿ, ಚೆನ್ನಾಗಿದ್ದರೆ ಗ್ರೀಸ್ ಹಾಕಿ ಸರಿಯಾಗಿ ಬಿಗಿದರೆ ಸಾಕು.

ಆಗಲೇ ಹೇಳಿದ ಇನ್ನೊಂದು ಕಾರಣ: ಕಿಂಗ್ ಪಿನ್ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಒಳಕ್ಕೆ ವಾಲಿಕೊಂಡು ನಿಂತಿರುತ್ತದೆ. ಆ ವಾಲಿಕೆಯಿಂದಲೇ ತಿರುವು ಮುಗಿದ ಮೇಲೆ ಗಾಡಿ ಅದಾಗಿ ನೇರವಾಗುವುದು. ಪಿನ್ ಒಣಗಿ ತುಕ್ಕು ಹಿಡಿದಿದ್ದರೆ ವಾಲಿಕೆ ಎಷ್ಟಿದ್ದರೂ ಚಕ್ರ ತಿರುಗಿ ಬರುವುದಿಲ್ಲ. ನಿಮ್ಮದರಲ್ಲಿ ಸ್ಕ್ರೂ ಬಿಗಿಯಾಗಿತ್ತು, ಪಿನ್ನೂ ಒಣಗಿರಬಹುದು.

ವಾಕಡ್ ವೀಲ್ಸ್

ಇಷ್ಟೆಲ್ಲ ಯಾಕೆ ಸರ್? ಹೊಸ ಸಣ್ಣ ಕಾರಿನಲ್ಲಿ ಬಾಕ್ಸಿನ ಬದಲು ಇರುವ ರ್‍ಯಾಕ್ ಆಂಡ್ ಪಿನಿಯನ್ ತಂದು ಕೂರಿಸಿ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಕೂಡ ಹಾಕಬಹುದು. ನನ್ನ ಗೆಳೆಯ ಹಾಕಿಸಿದ್ದಾನೆ, ಬೆಣ್ಣೆ ಹಾಗೆ ತಿರುಗುತ್ತದೆ.

ಡೊಂಬಿವಲಿ ಲೇತ್

ನಿಂತಲ್ಲಿ ಬೆಣ್ಣೆ ಹಾಗೇ ಇರುತ್ತದೆ. ಗುಂಡಿ ಮೇಲೆ ಹೋದಾಗ ನೋಡಬೇಕು. ಈ ಗಾಡಿಯಲ್ಲಿ ವಿಷ್‌ಬೋನ್ (ಚಕ್ರವನ್ನು ಬಾಡಿಗೆ ಜೋಡಿಸುವ ತೋಳು) ಎಲ್ಲಿ ತಿರುಗುತ್ತದೋ, ಟೈ ರಾಡಿನ ಒಳ ಕೀಲು ಅದಕ್ಕೆ ತಕ್ಕ ಜಾಗದಲ್ಲಿ ಇರುವ ಹಾಗೆ ಮಾಡಿದ್ದಾರೆ. ಬೇರೆ ಗಾಡಿಯ ರ್‍ಯಾಕ್ ಉದ್ದ ಬೇರೆ. ಚಕ್ರ ಮೇಲೆದ್ದು ಕೆಳಗಿಳಿದಾಗ ರಾಡು ಚಕ್ರವನ್ನು ಎಳೆಯುತ್ತದೆ, ತಳ್ಳುತ್ತದೆ. ನೀವು ಸ್ಟೇರಿಂಗ್ ಹಿಡಿದು ಸುಮ್ನೆ ಕೂತಿದ್ದರೂ ಗಾಡಿ ಪಕ್ಕಕ್ಕೆ ಹಾರುತ್ತದೆ. ಅದೂ ಅಲ್ಲದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವುದನ್ನು ಒಪ್ಪುವುದಿಲ್ಲ. ಸುಮಾರು 900 ಕಿಲೋ ತೂಕದ ಗಾಡಿ ಇದು. ಕೀಲು ಎಲ್ಲ ಸರಿ ಇದ್ದರೆ ಪವರ್ ಸ್ಟೇರಿಂಗ್ ಬೇಕೇ ಆಗುವುದಿಲ್ಲ.

ಇನ್ನೊಂದು ಮಾತು, ಯಾರಾದರೂ ಸ್ಟೇರಿಂಗ್ ಭಾಗಕ್ಕೆ ವೆಲ್ಡಿಂಗ್ ಹೊಡೆಯುತ್ತೇನೆ ಅಂದರೆ ಗಾಡಿ ತಗೊಂಡು ಅಲ್ಲಿಂದ ಹೊರಡಿ.

ವಾಕಡ್ ವೀಲ್ಸ್

ಗುಂಡಿಯ ವಿಷಯ ನನಗೆ ಗೊತ್ತಿರಲಿಲ್ಲ. ಗೆಳೆಯನ ಗಾಡಿ ನಿಜಕ್ಕೂ ಹಾಗೇ ಹಾರುತ್ತದೆ, ಟೈರ್ ಕಾರಣ ಅಂದುಕೊಂಡಿದ್ದೆವು. ಅವನಿಗೆ ಇದನ್ನು ಓದಲು ಕಳಿಸುತ್ತೇನೆ.

ಕುರ್ಲಾ ಕಾಳಿಪೀಲಿ

ಸ್ಪೇರ್ ಬಗ್ಗೆ. ಮುಂಬೈಯಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆ, ಒಪೆರಾ ಹೌಸ್ ಕಡೆ ಇನ್ನೂ ಸಿಗುತ್ತದೆ. 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದ ಮೇಲೆ ಅಂಗಡಿಯವರು ಹೊಸ ಮಾಲು ತರಿಸುವುದು ಕಡಿಮೆ ಮಾಡಿದ್ದಾರೆ. ಇದ್ದಾಗ ತಗೊಂಡು ಇಟ್ಟುಕೊಳ್ಳಿ. ಕೊನೆಯ ಟ್ಯಾಕ್ಸಿ ನೋಂದಣಿಯಾಗಿದ್ದು 2003ರಲ್ಲಿ, ಟಾರ್ಡಿಯೋದಲ್ಲಿ. 20 ವರ್ಷ ತುಂಬಿತು, ಇಳಿಸಿದರು. ಅಂದು ಮಾವ ಊಟ ಮಾಡಲಿಲ್ಲ.

ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಿ ತಗೊಳ್ಳಿ. ಹಳೆಯ ಕೀಲನ್ನು ಜೊತೆಗೆ ಒಯ್ಯಿರಿ. ಹೊಸದರ ಟೇಪರ್ (ತುದಿಗೆ ಕಿರಿದಾಗುತ್ತಾ ಹೋಗುವ ಭಾಗ) ಹಳೆಯದಕ್ಕೆ ಸರಿಸಮ ಇರಬೇಕು. ಟೇಪರ್ ತೆಳ್ಳಗಿದ್ದರೆ ತೂತಿನೊಳಗೆ ಜಾಸ್ತಿ ಇಳಿಯುತ್ತದೆ, ನಟ್ಟು ಥ್ರೆಡ್ಡಿನ ಕೊನೆಗೆ ಹೋಗಿ ನಿಲ್ಲುತ್ತದೆ. ಬಿಗಿ ಆಯಿತು ಅಂತ ಕೈಗೆ ಅನಿಸುತ್ತದೆ, ಒಳಗೆ ಕೀಲು ಸಡಿಲವೇ ಇರುತ್ತದೆ. ಹಳೆಯ ಸ್ಟಾಕ್ ಪೆಟ್ಟಿಗೆಯಲ್ಲಿ ಹೊಸದಾಗಿ ಕಂಡರೂ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿರುತ್ತದೆ, ರಬ್ಬರ್ ಬೆರಳಲ್ಲಿ ಹಿಸುಕಿದರೆ ಬಿರುಕು ಬಿಡುತ್ತದೆ. ಲೋಹ ಒಳ್ಳೆಯದು. ಗ್ರೀಸ್ ತೊಳೆದು ಹೊಸದು ಹಾಕಿ, ರಬ್ಬರ್ ಮಾತ್ರ ಹೊಸದು ಹುಡುಕಿ.

ಮಾಟುಂಗಾ ರಾಯರು

ಬದಿಯ ಮಾತು, ಕ್ಷಮಿಸಿ. ಕುರ್ಲಾದಲ್ಲಿ ಈ ಗಾಡಿ ಮಾಡಿದ ಪ್ರೀಮಿಯರ್ ಆಟೊಮೊಬೈಲ್ಸ್ ಶುರುವಾಗಿದ್ದು 1944ರಲ್ಲಿ, ವಾಲ್‌ಚಂದ್ ಹಿರಾಚಂದ್ ಅವರಿಂದ. ಅದಕ್ಕೂ ಮೊದಲು, 1930ರ ದಶಕದಲ್ಲಿ, ಈ ದೇಶದಲ್ಲಿ ಮೋಟಾರು ಕಾರ್ಖಾನೆ ಆಗಲೇಬೇಕು ಅಂತ ಯೋಜನೆ ಬರೆದು, ವಿದೇಶದ ಕಾರ್ಖಾನೆ ನೋಡಿ ಬಂದವರು ನಮ್ಮ ವಿಶ್ವೇಶ್ವರಯ್ಯನವರು. ವಾಲ್‌ಚಂದರು ಅವರ ಜೊತೆ ನಿಂತಿದ್ದರು. ಮೈಸೂರಿನಲ್ಲಿ ಮಾಡಬೇಕು ಅನ್ನುವ ಪ್ರಯತ್ನವೂ ನಡೆಯಿತು, ಆಗಲಿಲ್ಲ. ಫಿಯಟ್ 1100 ಡಿಲೈಟ್ 1964ರಲ್ಲಿ ಬಂತು, ಪದ್ಮಿನಿ ಅನ್ನುವ ಹೆಸರು 1974ರಲ್ಲಿ. ನಿಮ್ಮ ಗಾಡಿ ಆ ಸಾಲಿನದು. ಚೆನ್ನಾಗಿ ನೋಡಿಕೊಳ್ಳಿ.

ಕೋಥ್ರೂಡ್ ಪದ್ಮಿನಿ

ರಾಯರೇ, ಇದು ಗೊತ್ತಿರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ.

ಹತ್ತು ದಿನ ಆಯಿತು, ಕೆಲಸ ಮುಗಿದಿದೆ. ಒಂದೊಂದಾಗಿ ಹೇಳುತ್ತೇನೆ, ಮುಂದೆ ಮಾಡುವವರಿಗೆ ಬೇಕಾಗಬಹುದು.

ಸ್ಪೇರ್ ಕುರ್ಲಾದಿಂದ ತಂದೆ. ಟೇಪರ್ ಪರೀಕ್ಷೆ ಮಾಡಿದ್ದು ಒಳ್ಳೆಯದೇ ಆಯಿತು, ಮೊದಲ ಅಂಗಡಿಯ ಕೀಲು ಎರಡು ಥ್ರೆಡ್‌ನಷ್ಟು ಜಾಸ್ತಿ ಇಳಿಯುತ್ತಿತ್ತು. ಎರಡನೇ ಅಂಗಡಿಯದು ಸರಿ ಕೂತಿತು.

ಹಳೆಯ ಕೀಲು ಬಿಡಿಸುವಾಗ ಥ್ರೆಡ್ಡಿನ ತಲೆಗೆ ಹೊಡೆಯಲು ಹೋಗಿದ್ದೆ. ಪಕ್ಕದ ಮನೆಯ ಕಾಕಾ ತಡೆದರು. ಅವರು ತೋರಿಸಿದ್ದು ಎರಡು ಸುತ್ತಿಗೆಯ ಉಪಾಯ. ಕೀಲು ಕೂತಿರುವ ಉಂಗುರದ ಒಂದು ಬದಿಗೆ ಭಾರದ ಸುತ್ತಿಗೆ ಒತ್ತಿ ಹಿಡಿಯಬೇಕು, ಎದುರು ಬದಿಗೆ ಇನ್ನೊಂದರಿಂದ ಗಟ್ಟಿಯಾಗಿ ಒಂದು ಏಟು. ಮೂರನೇ ಏಟಿಗೆ ಟಪ್ ಅಂತ ಕೆಳಗೆ ಬಿತ್ತು. ಬಿಚ್ಚುವ ಮೊದಲು ಎಷ್ಟು ಥ್ರೆಡ್ ಕಾಣುತ್ತದೆ ಅಂತ ಎಣಿಸಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆ. ಹೊಸದನ್ನು ಅಷ್ಟೇ ಸುತ್ತು ಹಾಕಿದೆ.

ಇನ್ನು ಎಡ ಕಿಂಗ್ ಪಿನ್. ವಿಷ್‌ಬೋನ್ ಕೆಳಗೆ ಜಾಕ್ ಕೊಟ್ಟು, ಲಾಕ್ ಪಿನ್ ತೆಗೆದು, ಎರಡು ದಿನ ಎಣ್ಣೆ ಬಿಟ್ಟ ಮೇಲೆ ಹೊರಬಂತು. ಮೇಲಿನ ತುದಿ ಹೊಳೆಯುತ್ತಿತ್ತು. ಕೆಳಗಿನ ತುದಿಯಲ್ಲಿ ಕೆಂಪು ಪುಡಿ, ಉಗುರು ಆಡಿಸಿದರೆ ಮೆಟ್ಟಿಲಿನ ಹಾಗೆ ತಗ್ಗು. ನಾನು ಪ್ರತಿ ತಿಂಗಳು ಗ್ರೀಸ್ ಗನ್ ಹಿಡಿದು ಪಂಪ್ ಮಾಡುತ್ತಿದ್ದವನು! ಹೀಗೇಕೆ ಅಂತ ಕೆಳಗಿನ ಹಳೆಯ ಬುಷ್ ಹೊರಗೆ ತೆಗೆದು ನೋಡಿದೆ. ಬುಷ್‌ನ ತೂತು ಗ್ರೀಸ್ ತುಂಬುವ ಬಾಯಿಗೆ, ಅಂದರೆ ನಿಪ್ಪಲ್‌ಗೆ ಎದುರಾಗಿಲ್ಲ, ಕಾಲು ಸುತ್ತು ಆಚೆ ಇದೆ. ಹಿಂದೆ ಯಾರೋ ಬುಷ್ ಹಾಕುವಾಗ ತಿರುಗಿಸಿ ಒತ್ತಿಬಿಟ್ಟಿದ್ದಾರೆ. ಇಷ್ಟು ವರ್ಷ ನಾನು ತುಂಬಿದ ಗ್ರೀಸ್ ಒಂದು ಹನಿಯೂ ಪಿನ್ನಿನ ಆ ತುದಿಗೆ ಮುಟ್ಟಿಲ್ಲ. ಆ ಬುಷ್ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಹೊಸ ಬುಷ್ ಹಾಕಲು ಭೋಸರಿಯ ಒಂದು ಲೇತ್ ಅಂಗಡಿಗೆ ಒಯ್ದೆ. ಡೊಂಬಿವಲಿಯವರು ಫೋನಿನಲ್ಲೇ ಅವರಿಗೆ ಹೇಳಿಕೊಟ್ಟರು, ಅದನ್ನು ಅವರೇ ಬರೆದರೆ ಚೆನ್ನ.

ಡೊಂಬಿವಲಿ ಲೇತ್

ಬರೆಯುತ್ತೇನೆ. ಬುಷ್ ಒತ್ತುವ ಮೊದಲು ತೂತಿನ ಜಾಗಕ್ಕೆ ಹೊರಗಡೆ ಗೆರೆ ಎಳೆಯಿರಿ. ಒತ್ತಿದ ಮೇಲೆ ನಿಪ್ಪಲ್ ಜಾಗದಿಂದ ತೆಳು ತಂತಿ ತೂರಿಸಿ, ಒಳಗೆ ಬರಬೇಕು. ಒತ್ತಿದಾಗ ಬುಷ್ ಸ್ವಲ್ಪ ಕಿರಿದಾಗುತ್ತದೆ, ಪಿನ್ ಹೋಗುವುದಿಲ್ಲ. ಆಗ ಕೆಲವರು ಎಮರಿ ಕಾಗದ ಸುತ್ತಿ ಉಜ್ಜುತ್ತಾರೆ, ಇಲ್ಲವೇ ಪಿನ್ನನ್ನೇ ಹೊಡೆದು ಕೂರಿಸುತ್ತಾರೆ. ಎರಡೂ ತಪ್ಪು. ಉದ್ದನೆಯ ರೀಮರ್ (ತೂತನ್ನು ಒಳಗಿನಿಂದ ಕೆರೆಯುವ ಉಪಕರಣ) ಬೇಕು. ಅದರ ತುದಿ ಕೆಳಗಿನ ಬುಷ್‌ನಲ್ಲಿ ದಾರಿ ಹಿಡಿದಿರುವಾಗಲೇ ಮೇಲಿನದನ್ನು ಕೆರೆಯಬೇಕು, ಆಗ ಎರಡೂ ಒಂದೇ ಸಾಲಿಗೆ ಬರುತ್ತವೆ. ಬೇರೆ ಬೇರೆ ಕೆರೆದರೆ ಪಿನ್ ಓರೆಯಾಗಿ ಕೂತು ಆರು ತಿಂಗಳಲ್ಲಿ ಮತ್ತೆ ಸವೆಯುತ್ತದೆ. ರೀಮರನ್ನು ಒಂದೇ ದಿಕ್ಕಿಗೆ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಅಂಚು ಮೊಂಡಾಗುತ್ತದೆ. ಎಣ್ಣೆ ಹಚ್ಚಿದ ಪಿನ್ ಹೆಬ್ಬೆರಳ ಒತ್ತಡಕ್ಕೆ ಇಳಿಯಬೇಕು, ಆದರೆ ಅದಾಗಿ ಜಾರಿ ಬೀಳಬಾರದು.

ಮೇಲೆ ಕೆಳಗಿನ ಆಟಕ್ಕೆ ಶಿಮ್ (ತೆಳು ಬಿಲ್ಲೆ) ಬರುತ್ತದೆ. ಚಕ್ರ ಸಲೀಸಾಗಿ ತಿರುಗುವ ಹಾಗೆ ಆರಿಸಿ. ಕೊನೆಗೆ ನಟ್ಟು ಸಡಿಲಾಗದ ಹಾಗೆ ತಡೆಯುವ ಸ್ಪ್ಲಿಟ್ ಪಿನ್. ತೂತು ಸಾಲಿಗೆ ಬರದಿದ್ದರೆ ಬಾಲ್ ಜಾಯಿಂಟಿನ ನಟ್ಟನ್ನು ಅದರ ಮುಂದಿನ ಸೀಳಿನ ತನಕ ಬಿಗಿ ಮಾಡಿ, ಸಡಿಲ ಮಾಡಬೇಡಿ. ಹಳೆಯ ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ. ಎರಡು ರೂಪಾಯಿಯ ವಸ್ತು, ಅದರ ಮೇಲೆ ನಾಲ್ಕು ಜನರ ಜೀವ ಇದೆ.

ಮಾಪ್ಸಾ ಮಳೆ

ಟೋ ಇನ್ (ಮುಂದಿನ ಚಕ್ರಗಳ ಮುಂಭಾಗ ಸ್ವಲ್ಪ ಒಳಮುಖ ಇರುವುದು) ಹೇಗೆ ಮಾಡಿದಿರಿ? ಇಲ್ಲಿನ ಅಲೈನ್‌ಮೆಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಪದ್ಮಿನಿ ಹೆಸರೇ ಇಲ್ಲ ಅಂತ ವಾಪಸ್ ಕಳಿಸಿದರು.

ಕೋಥ್ರೂಡ್ ಪದ್ಮಿನಿ

ಹೆಸರು ಬೇಕಿಲ್ಲ, ಅಳತೆ ಕೈಪಿಡಿಯಲ್ಲಿದೆ, ಅದನ್ನು ಕೈಯಿಂದ ಹಾಕಿ ಅನ್ನಿ. ಅಂಗಡಿಗೆ ಹೋಗುವಷ್ಟು ಸರಿ ಮಾಡಿಕೊಳ್ಳಲು ನಾನು ದಾರ ಕಟ್ಟಿದೆ. ಗಾಡಿಯ ಎರಡೂ ಬದಿ ಹಿಂದಿನಿಂದ ಮುಂದಕ್ಕೆ ಎಳೆದ ದಾರ, ಒಂದಕ್ಕೊಂದು ಸಮಾನಾಂತರ. ಪ್ರತಿ ಚಕ್ರದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಎಷ್ಟು ದೂರ ಅಂತ ಸ್ಟೀಲ್ ಸ್ಕೇಲಿನಲ್ಲಿ ಅಳೆದೆ. ಮುಂದಿನ ಅಂಚು ಕೂದಲಷ್ಟು ಒಳಗೆ ಇರಬೇಕು. ಅಳೆಯುವ ಮೊದಲು ಗಾಡಿಯನ್ನು ಒಂದೆರಡು ಮಾರು ಮುಂದಕ್ಕೆ ತಳ್ಳಿ ನಿಲ್ಲಿಸಬೇಕು, ಎತ್ತಿ ಇಳಿಸಿದ ಕೂಡಲೇ ಅಳೆದರೆ ತಪ್ಪು ಬರುತ್ತದೆ. ಆಮೇಲೆ ಅಂಗಡಿಯಲ್ಲಿ ತೋರಿಸಿದೆ, ಸ್ವಲ್ಪವೇ ತಿದ್ದಿದರು.

ಟೈರ್ ಕೂಡ ಒಂದು ಕಾರಣವಾಗಿತ್ತು. ಮೂಲ ಅಳತೆ 5.20-14. ಹಿಂದೆ ಚಂದ ಕಾಣಲಿ ಅಂತ ಅಗಲದ ಟೈರ್ ಹಾಕಿಸಿದ್ದೆ. ಅದನ್ನು ತೆಗೆದು ಕಡಿಮೆ ಅಗಲದ ರೇಡಿಯಲ್ ಹಾಕಿದೆ. ನಿಂತಲ್ಲಿ ತಿರುಗಿಸುವುದು ಎಷ್ಟೋ ಹಗುರವಾಯಿತು.

ಈಗ ಆಟ ಒಂದು ಬೆರಳಿಗಿಂತ ಕಡಿಮೆ. ಬಾಕ್ಸಿನ ಸ್ಕ್ರೂ ಮುಟ್ಟಿಲ್ಲ.

ಶನಿವಾರ ಬೆಳಿಗ್ಗೆ ಐದಕ್ಕೆ ಹೊರಟೆವು. ಖಂಬಾಟ್ಕಿಯ ಅದೇ ತಿರುವಿನಲ್ಲಿ ತಿರುಗಿಸಿ ಕೈ ಸಡಿಲ ಬಿಟ್ಟೆ. ಸ್ಟೇರಿಂಗ್ ಅಂಗೈಯೊಳಗೆ ಜಾರುತ್ತಾ ನಿಧಾನವಾಗಿ ನೇರಕ್ಕೆ ಬಂತು. ಹಿಂದೆ ತಿರುಗಿ ಅಮ್ಮನಿಗೆ ಹೇಳೋಣ ಅಂದರೆ ಅವರು ನಿದ್ದೆ ಹೋಗಿದ್ದರು. ಕರಾಡಿನಲ್ಲಿ ಚಹಾ, ಬೆಳಗಾವಿಯಲ್ಲಿ ಊಟ. ಸಂಜೆಯ ಹೊತ್ತಿಗೆ ಧಾರವಾಡ.

ಕುರ್ಲಾ ಕಾಳಿಪೀಲಿ

ಓದಿ ಸಂತೋಷವಾಯಿತು. 500 ಕಿ.ಮೀ. ಆದ ಮೇಲೆ ಎಲ್ಲ ನಟ್ಟು ಒಂದು ಸಲ ಮುಟ್ಟಿ ನೋಡಿ. ಐಡ್ಲರ್‌ನದ್ದು ಮರೆಯಬೇಡಿ.

ಮಾಪ್ಸಾ ಮಳೆ

ನನ್ನದರಲ್ಲೂ ಎಡ ಕಿಂಗ್ ಪಿನ್ ಹೋಗಿದೆ, ಬ್ರೇಕ್ ಒತ್ತಿ ನೋಡಿದೆ. ಆ ಉದ್ದನೆಯ ರೀಮರ್ ಇಲ್ಲಿ ಯಾರ ಹತ್ತಿರವೂ ಇಲ್ಲ.

ಡೊಂಬಿವಲಿ ಲೇತ್

ನನ್ನದು ಕೊಡುತ್ತೇನೆ. ಭಾನುವಾರ ಬನ್ನಿ, ಬುಷ್ ಮತ್ತು ಸ್ಟಬ್ ಆಕ್ಸಲ್ (ಚಕ್ರ ಕೂರುವ ತುಂಡು) ಎರಡೂ ಬಿಚ್ಚಿ ತನ್ನಿ. ಕೂತು ಇಬ್ಬರೂ ಮಾಡೋಣ.